ಕೋಟೆ ಸೇತುವೆ ಇಳಿದೇ ಉಳಿದದ್ದು

“ಏನೂಂದ್ರೆ, ನಾನು ಹೋದ ಮೇಲಾದರೂ ಆ ಸೇತುವೆ ಎತ್ತೋದು ಬಿಡಿ. ಜನ ನೀರಿನ ಹತ್ರ ಕೂತ್ಕೊಳ್ಳಲಿ.”

ಸಾಕವ್ವ ಕಡೆಯದಾಗಿ ಆಡಿದ ಮಾತು ಅಷ್ಟೆ.

ಇದು ಮೊಸಳೆಗಳು ಮಾತಾಡುತ್ತಿದ್ದ ಕಾಲದ ಸಂಗತಿ. ಹೊನ್ನಗಡಿ ಅಂತೊಂದು ರಾಜ್ಯ. ಕೋಟೆ ಸುತ್ತ ಕಂದಕ, ಕಂದಕಕ್ಕೊಂದು ಮರದ ಸೇತುವೆ. ಸಂಜೆಯಾದರೆ ಸಾಕವ್ವನ ಗಂಡ ಕಾಟಯ್ಯ ರಾಟೆ ತಿರುಗಿಸಿ, ಸರಪಳಿ ಎಳೆದು, ಸೇತುವೆ ಮೇಲೆತ್ತುತ್ತಿದ್ದ. ಅವನಪ್ಪನೂ ಅದನ್ನೇ ಮಾಡಿದ್ದ.

ಹೆಂಡತಿಯನ್ನು ಮಣ್ಣು ಮಾಡಿ ಬಂದವನು ನೇರ ಅರಮನೆಗೆ ಹೋಗಿ ಅವಳ ಮಾತು ಹೇಳಿದ.

ರಾಜ ಅಂದ, “ಎತ್ತದಿದ್ದರೆ ಊರು ಹಾಳು ಕಣಯ್ಯ. ಕಂದಕದ ಮಾಂತ್ರಿಕ ಕಾರ್ಗಣ್ಣ ನಮ್ಮ ಮುತ್ತಜ್ಜನಿಗೇ ಹೇಳಿದ್ದ.”

“ಕಳ್ಳನೇ ಬಂದು ಬಾಗಿಲು ಹಾಕ್ಕೊಳ್ಳಿ ಅಂದಂಗಾಯ್ತು, ಬುದ್ಧಿ.”

ರಾಜನಿಗೆ ನಗು ಬಂತು, ತಡೆದುಕೊಂಡ. “ಒಂದು ಸಂಜೆ ಎತ್ತದೆ ನೋಡು. ಕೆಟ್ಟದ್ದಾದರೆ ನಿನ್ನ ತಲೆ ಹೋಗುತ್ತೆ.”

ಸಂಜೆಯಾಯಿತು. ಕಾಟಯ್ಯ ರಾಟೆ ಮುಟ್ಟಲಿಲ್ಲ.

ಮೊಸಳೆ ರೂಪದ ಕಾರ್ಗಣ್ಣ ನೀರಿಂದ ತಲೆ ಎತ್ತಿದ. ಸೇತುವೆ ಎತ್ತಿದಾಗ ಊರಿಗೆ ಹುಟ್ಟುವ ಭಯವೇ ಅವನ ಊಟ. ಅವನು ಉಸಿರು ಬಿಟ್ಟ. ಆಚೆ ದಡದ ತುಂಬ ಕುದುರೆ, ಈಟಿ, ಶತ್ರು ಸೈನ್ಯ. ಕಾರ್ಗಣ್ಣ ಕೂಗಿದ,

“ಎತ್ತು ಕಾಟಯ್ಯ, ಎತ್ತು!”

ಕಾಟಯ್ಯ ನೋಡಿದ. ಅಷ್ಟು ಕುದುರೆ ಕುಣಿದರೂ ಧೂಳೇ ಏಳಲಿಲ್ಲ. ಸುಮ್ಮನೆ ನಿಂತ.

ಕಾರ್ಗಣ್ಣ ಬಾಲ ಬಡಿದ. ಕಂದಕ ಉಕ್ಕಿ ಹಲಗೆ ಮೇಲೆ ಹರಿಯಿತು. ನೀರು ಕಾಟಯ್ಯನ ಕುತ್ತಿಗೆಗೆ ಬಂತು.

“ಎತ್ತು ಕಾಟಯ್ಯ, ಎತ್ತು!”

ಕಾಟಯ್ಯ ಕಣ್ಣು ಮುಚ್ಚಿ ನಿಂತ. ನೀರು ಇಳಿಯಿತು.

ಕಣ್ಣು ಬಿಟ್ಟರೆ ಆಚೆ ದಡದಲ್ಲಿ ಸಾಕವ್ವ. ಅದೇ ಸೀರೆ. ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

“ನೀವು ಎತ್ತಿದರೆ ನಾನು ಬದುಕ್ತೀನಿ. ಎತ್ತಿ ಕಾಟಯ್ಯ, ಎತ್ತಿ.”

ಕಾಟಯ್ಯನ ಕೈ ರಾಟೆ ಹಿಡಿದಿತ್ತು. ನಿಂತುಹೋಯಿತು.

ಆ ನಾಡಿನಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬದುಕಿದ್ದಷ್ಟು ಕಾಲ ಸಾಕವ್ವ ಅವನ ಹೆಸರು ಹೇಳಿದವಳಲ್ಲ.

ಮೋಸ ಅಂತ ತಿಳಿಯಿತು. ತಿಳಿದರೂ ಕೈ ಬೇಗ ಬಿಡಲಿಲ್ಲ. ಕಣ್ಣು ತುಂಬ ಅವಳನ್ನು ನೋಡಿದ. ಆಮೇಲೆ ರಾಟೆ ಪಕ್ಕದಲ್ಲಿದ್ದ ಕೊಡಲಿ ತಗೊಂಡು ಸರಪಳಿ ಬಿಗಿದಿದ್ದ ಮರದ ಗೂಟ ಕಡಿದ. ಸರಪಳಿ ಜಾರಿ ಕಂದಕಕ್ಕೆ ಬಿತ್ತು, ಕಾರ್ಗಣ್ಣನ ನೆತ್ತಿಗೇ. ಮೊಸಳೆ ಕೆಸರಾಗಿ ಕರಗಿತು. ಆಚೆ ದಡದಲ್ಲಿ ಯಾರೂ ಇರಲಿಲ್ಲ.

ರಾಜ ಓಡಿ ಬಂದ. “ಇನ್ನು ಇದನ್ನೇನು ಮಾಡೋಣ, ಕಾಟಯ್ಯ?”

“ಸೇತುವೆ ಹಿಂಗೇ ಇರಲಿ, ಬುದ್ಧಿ. ಎರಡು ದಡಕ್ಕೂ ನೀರಿನ ತನಕ ಮೆಟ್ಟಿಲು ಹಾಕ್ಸಿ. ಕೂರೋಕೆ ಚಪ್ಪಡಿ, ನೆರಳಿಗೆ ಹೊಂಗೆ.”

ಊರೆಲ್ಲ ಕಲ್ಲು ಹೊತ್ತಿತು. ಸುಗ್ಗಿ ಹೊತ್ತಿಗೆ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಹೊನ್ನಗಡಿಯ ಜನ ಸಂಜೆಗೆ ಹೆದರದೆ ಸುಖವಾಗಿ ಬಾಳಿದರು.

ಕೆಲಸ ಮುಗಿದ ಮಾರನೆ ಬೆಳಿಗ್ಗೆ ಕಾಟಯ್ಯ ಕಡೇ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟ. ಸೊಪ್ಪು ಮಾರುವವಳೊಬ್ಬಳು ಬುಟ್ಟಿ ಇಳಿಸಿ, “ಒಸಿ ಜರುಗಣ್ಣ, ನಾನೂ ಕೂತ್ಕೋತೀನಿ” ಅಂದಳು.

ಕಾಟಯ್ಯ ಜರುಗಿ ಕೂತ.