ಕಾರಣ ಬರೆಯದ ಆರು ಸಾಲು

"ಮತ್ತೆ ನೀವೇನಾ?!"

ಅವಳು ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲೆ ಕುಕ್ಕಿದಳು. ಆಫೀಸಿನವರೆಲ್ಲ 'ಮೌನಿ' ಎಂದು ಕರೆಯುವ ಆ ಮಹಾನುಭಾವ ಎಂದಿನಂತೆ ತಲೆ ತಗ್ಗಿಸಿದ.

ಅವಳು ಸುಮ್ಮನೆ ಸಿಡುಕುವವಳಲ್ಲ ಸ್ವಾಮಿ! ಐದು ತಿಂಗಳು ತಲೆ ಕೆಡಿಸಿಕೊಂಡು, ಎಲ್ಲರ ಕೋಡ್ ಪರೀಕ್ಷಿಸುವ ಒಂದು ತಪಾಸಣೆ ಪ್ರೋಗ್ರಾಂ ಬರೆದಿದ್ದಳು. ಯಾರಾದರೂ ಕೋಡ್‌ನಲ್ಲಿ ಫೈಲ್ ತೆರೆದು ಮುಚ್ಚಲು ಮರೆತರೆ, ಪ್ರೋಗ್ರಾಂ ಓಡುವ ಮೊದಲೇ ಅದು ಎಚ್ಚರಿಕೆ ಕೊಡುತ್ತಿತ್ತು. ಆ ಎಚ್ಚರಿಕೆ ಬೇಡವೆಂದರೆ ಒಂದು ಸಾಲು ಸೇರಿಸಿ ಅದರ ಬಾಯಿ ಮುಚ್ಚಿಸಬಹುದು. ಆದರೆ ಪಕ್ಕದಲ್ಲಿ ಕಾರಣ ಬರೆಯಬೇಕು. ಬರೆಯದವರ ಬಳಿಗೆ ಪ್ರತಿ ಸೋಮವಾರ ಅವಳೇ ಹೋಗಿ ಕೇಳಬೇಕು.

ಆರು ವಾರದಿಂದ, ವಾರಕ್ಕೊಂದರಂತೆ, ಇವನದು ಮಾತ್ರ ಖಾಲಿ! ಕೇಳಿದಾಗಲೆಲ್ಲ "ಬರೀತೀನಿ" ಎಂದಷ್ಟೇ ಉತ್ತರ.

"ಎಲ್ಲರದೂ ಸೇರಿ ಬಾಯಿ ಮುಚ್ಚಿಸೋ ಸಾಲು ಐವತ್ತು ದಾಟಿದ್ರೆ ಇವತ್ತು ಸಂಜೆ ನನ್ನ ತಪಾಸಣೆನೇ ಕಿತ್ತು ಹಾಕ್ತಾರಂತೆ ಮ್ಯಾನೇಜರ್. ಈಗ ಐವತ್ಮೂರು! ನಿಮಗೇನು, ಆಟಾನಾ?"

"ಐವತ್ತು ಅಂತ... ನನಗೆ ಗೊತ್ತಿರಲಿಲ್ಲ." ಅವನ ಮುಖ ಬಿಳಿಚಿಕೊಂಡಿತು.

'ನನ್ನ ಕೆಲಸ ಅಂದ್ರೆ ಇವನಿಗೆ ಕಾಲ ಕಸ!' ಅಳು ಒತ್ತರಿಸಿ ಬಂತು. ಅವನೆದುರು ಅಳಬಾರದೆಂದು ಅವಳೇ ಆ ಆರು ಸಾಲುಗಳನ್ನು ಪಟಪಟ ಅಳಿಸಿ, ತಪಾಸಣೆಯನ್ನು ಮತ್ತೆ ಓಡಿಸಿದಳು. ಆರು ಎಚ್ಚರಿಕೆ ಬರಬೇಕಿತ್ತು.

ಒಂದೂ ಬರಲಿಲ್ಲ!

ಇನ್ನೊಮ್ಮೆ ಓಡಿಸಿದಳು. ಊಹೂಂ. ಅವನ ಕೋಡ್‌ನಲ್ಲಿ ಫೈಲುಗಳೆಲ್ಲ ನೆಟ್ಟಗೆ ಮುಚ್ಚಿದ್ದವು.

"ತಪ್ಪೇ ಇಲ್ವಲ್ರೀ... ಮತ್ಯಾಕೆ ಬಾಯಿ ಮುಚ್ಚಿಸಿದ್ರಿ?"

ಅವನು ಕೀಬೋರ್ಡಿನ ಅಂಚು ಕೆರೆಯುತ್ತ ಕೂತ.

"ಕಾರಣ ಬರೀದಿದ್ರೆ... ನೀವು ಬರ್ತೀರಲ್ಲ."

"ಏನು?!"

"ಬೈಯೋಕಾದ್ರೂ ಬರ್ತೀರಲ್ಲ ಅಂತ. ಬೇರೆ ಹೇಗೆ ಮಾತಾಡಿಸ್ಬೇಕೋ ತಿಳೀಲಿಲ್ಲ. ನೀವಂದ್ರೆ ನನಗೆ... ತುಂಬಾ ಇಷ್ಟ."

ಅವಳ ಸಿಟ್ಟು ಇಳಿಯಲಿಲ್ಲ. ಇಳಿಯಬಾರದೆಂದು ಅವಳೂ ಹಟ ಹಿಡಿದಳು! ಆದರೆ ಪ್ರತಿ ಸೋಮವಾರ ಈ ಮೇಜಿಗೆ ಬರುವ ಮುನ್ನ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದವಳು ಯಾರಂತೆ?

ಎಣಿಕೆ ನಲವತ್ತೇಳಕ್ಕೆ ಇಳಿದಿತ್ತು. ತಪಾಸಣೆ ಉಳಿಯಿತು.

"ನನ್ನ ಐದು ತಿಂಗಳ ಕೆಲಸ ನೀರುಪಾಲಾಗ್ತಿತ್ತಲ್ಲೋ, ಪೆದ್ದಾ! ಬಾಯಿಲ್ವಾ ನಿಂಗೆ?"

"ತಪ್ಪಾಯ್ತು. ಇನ್ನು ಖಾಲಿ ಬಿಡಲ್ಲ. ಆದ್ರೆ... ಮುಂದಿನ ಸೋಮವಾರ ಬರ್ತೀಯಾ?"

ಅವಳು ಕಣ್ಣೊರೆಸಿಕೊಂಡು ಪಕ್ಕದ ಕುರ್ಚಿ ಎಳೆದುಕೊಂಡಳು.

"ಅಲ್ಲೀವರೆಗೂ ಯಾಕೋ ಕಾಯ್ಬೇಕು? ನಾನಿನ್ನೂ ಬೈದು ಮುಗಿಸಿಲ್ಲ."