ಉಗುರುಬಣ್ಣದ ಗೆರೆ

ಮಂಗಳವಾರ ಸಂಜೆ ಆರೂಕಾಲಿಗೆ ಒಂದು ಹಳೆಯ ಮನೆಯ ಯಜಮಾನ ಠಾಣೆಗೆ ಬಂದ. ಅಂಗಿಯೆಲ್ಲ ಮಸಿ. ನಾಲ್ಕೂವರೆಗೆ ಮಗಳ ಕೋಣೆಯ ಸ್ವಿಚ್‌ಬೋರ್ಡ್‌ಗೆ ಬೆಂಕಿ ಹತ್ತಿತ್ತು. ಅಲ್ಲೇ ಇಸ್ತ್ರಿ ಮಾಡುತ್ತಿದ್ದ ಆ ಹುಡುಗಿ ಬಲಗೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಳು.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ನನ್ನ ತಮ್ಮನ ಮೇಲೆ. ಮನೇಲಿ ಪಾಲು ಬೇಕು ಅಂತ ನಿನ್ನೆ ತಾನೇ ಬಂದು ಹಾರಾಡಿ ಹೋದ."

ಎಫ್‌ಐಆರ್ ದಾಖಲಾಯಿತು. ತಮ್ಮನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು.

"ಜಗಳ ಆಡಿದ್ದು ಹೌದು ಮೇಡಂ. ಆದ್ರೆ ಅವಳನ್ನ ಎತ್ತಿ ಆಡಿಸಿದೋನು ನಾನು," ಎಂದು ಅವನು ಅತ್ತ.

ಅಳುವವರೆಲ್ಲ ನಿರಪರಾಧಿಗಳಾಗಿದ್ದರೆ ಜೈಲುಗಳು ಎಂದೋ ಖಾಲಿಯಾಗುತ್ತಿದ್ದವು. ಆದರೂ ಆ ಮಾತು ಇನ್ಸ್‌ಪೆಕ್ಟರ್ ಮನಸ್ಸಿಗೆ ನಾಟಿತು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಸ್ಥಳ ಪಂಚನಾಮೆ. ಮನೆಯ ಒಳಗೆಲ್ಲ ಅಲ್ಯೂಮಿನಿಯಂ ತಂತಿ. ಎಂಟು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್‌ನನ್ನೂ ಕರೆಸಿದ್ದರು. ಸುಟ್ಟ ಬೋರ್ಡ್‌ನಲ್ಲಿ ಕರಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಪೇದೆ ಮೇನ್ ಆಫ್ ಮಾಡಿ ಅಡುಗೆಮನೆಯ ಬೋರ್ಡ್ ಬಿಚ್ಚಿದ. ಪ್ರತಿ ಸ್ಕ್ರೂ ತಲೆಯಿಂದ ಪಕ್ಕದ ಹಿತ್ತಾಳೆಯವರೆಗೂ ಎಳೆದ ಕೆಂಪು ಗೆರೆ.

"ಏನಪ್ಪಾ ಇದು?"

"ನನ್ನ ಹೆಂಡ್ತಿ ಉಗುರುಬಣ್ಣ ಮೇಡಂ," ಎಂದ ಎಲೆಕ್ಟ್ರಿಷಿಯನ್, ಸ್ವಲ್ಪ ಹೆಮ್ಮೆಯಿಂದಲೇ. "ಈ ತಂತಿ ಮೆತ್ತಗೆ, ಬರ್ತಾ ಬರ್ತಾ ಸ್ಕ್ರೂ ತಿರುಗದೇನೇ ಹಿಡಿತ ಸಡಿಲ ಆಗಿ ಕಾಯೋಕೆ ಶುರುವಾಗುತ್ತೆ. ವರ್ಷಕ್ಕೊಂದ್ಸಲ ಬಿಗಿ ಮಾಡಿ ಹೊಸ ಗೆರೆ ಎಳೀತೀನಿ. ಬಿಗಿ ಮಾಡೋಕೆ ಬಲಕ್ಕೆ ತಿರುಗಿಸಬೇಕಲ್ಲ, ಆಗ ಸ್ಕ್ರೂ ಮೇಲಿನ ಹಳೇ ಗೆರೆ ಬಲಕ್ಕೆ ಸರಿದಿರುತ್ತೆ."

ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಒಂದೊಂದೇ ನೋಡಿದರು. ಒಂದು ಸ್ಕ್ರೂ ಬರೀ ಬೆರಳಿಗೇ ತಿರುಗಿತು.

"ಇದರಲ್ಲಿ ಹಳೇದು ಎಡಕ್ಕೆ ಸರಿದಿದೆ. ಅಂದ್ರೆ ಬೇಕಂತಲೇ ಸಡಿಲ ಮಾಡಿದಾರೆ. ಅದರ ಮೇಲೆ ಹೊಸ ಗೆರೆ ಬೇರೆ. ಇನ್ಯಾರು ಎಳೀತಾರೆ?"

ಎಲೆಕ್ಟ್ರಿಷಿಯನ್ ತನ್ನ ಚೀಲದಿಂದ ಉಗುರುಬಣ್ಣದ ಸೀಸೆ ತೆಗೆದು ಅವರ ಮುಂದಿಟ್ಟ.

"ಗೆರೆ ಎಳೆದಿದ್ದು ಕೈ ಅಭ್ಯಾಸ ಮೇಡಂ," ಎಂದ. "ತಂತಿ ಪೂರ್ತಿ ಬದಲಾಯಿಸಿ ಅಂತ ಎಂಟು ವರ್ಷ ಬಡ್ಕೊಂಡೆ. ಮುಂದಿನ ವರ್ಷ ನೋಡೋಣ ಅಂತಾನೇ ಇದ್ರು. ದೀಪ ಮಿಣುಕಿದ್ರೆ ಹೆದರಿಕೊಂಡಾದ್ರೂ ಮಾಡಿಸ್ತಾರೆ ಅಂದ್ಕೊಂಡೆ. ಭಾನುವಾರ ಫ್ಯಾನ್ ರಿಪೇರಿಗೆ ಬಂದಾಗ ಎರಡು ಬೋರ್ಡ್‌ನಲ್ಲಿ ಒಂದೊಂದು ಸ್ಕ್ರೂ, ಅಷ್ಟೇ... ಮಗು ಕೈ ಹೇಗಿದೆ?"

"ಎರಡು ಬೆರಳು ಮಡಚೋಕೆ ಬರಲ್ಲ ಅಂತಿದಾರೆ."

ಅವನು ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ. ಹನ್ನೆರಡೂ ಹತ್ತಕ್ಕೆ ಬಂಧನವಾಯಿತು. ಜಪ್ತಿ ಪಟ್ಟಿಯಲ್ಲಿ ಪೇದೆ ಬರೆದ: ಉಗುರುಬಣ್ಣದ ಸೀಸೆ, ಒಂದು. ತಮ್ಮನನ್ನು ಮನೆಗೆ ಕಳಿಸಿದರು.

ಶನಿವಾರ ಯಜಮಾನ ಮತ್ತೆ ಠಾಣೆಗೆ ಬಂದ. ಸಾಕ್ಷ್ಯವೆಂದು ಮುಟ್ಟದೆ ಬಿಟ್ಟಿದ್ದ ಮನೆಯ ತಂತಿಯೆಲ್ಲ ಕೀಳಿಸಿ ತಾಮ್ರದ್ದು ಹಾಕಿಸಲು ಅನುಮತಿ ಬೇಕಿತ್ತು. ಒಬ್ಬ ಎಂಟು ವರ್ಷ ಕೇಳಿದ್ದೂ ಇದನ್ನೇ ಅಲ್ಲವೇ ಎನ್ನುವ ಮಾತು ಇನ್ಸ್‌ಪೆಕ್ಟರ್ ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿಯ ಕೈ ನೆನಪಾಗಿ, ಸುಮ್ಮನೆ ಸಹಿ ಹಾಕಿದರು.