ದಾರ ಕಟ್ಟಿದ ಅಲಸಂದೆ ಗಿಡಗಳು

ಸುಮನಾಗೆ ಇನ್ನೊಂದು ಹಂಗಾಮು ಇರಲಿಲ್ಲ. ಹೋದ ವರ್ಷ ಬೆಳೆ ಕೈಕೊಟ್ಟಾಗ ಕೃಷಿ ಕಾಲೇಜು ಒಂದು ವರ್ಷ ಹೆಚ್ಚಿಗೆ ಕೊಟ್ಟಿತ್ತು. ಈ ಸಲ ಪ್ರಬಂಧ ಮುಗಿಯದಿದ್ದರೆ ಪದವಿಯಿಲ್ಲ.

ಕೊತ್ತಗೆರೆಯ ಹೊಲದಲ್ಲಿ ಎಂಟು ನಾಟಿ ಅಲಸಂದೆ ತಳಿ ಹಾಕಿದ್ದಳು. ತಳಿಗೆ ಮೂರು ತಾಕು ನೆಲ, ತಾಕಿಗೆ ಐದು ಗಿಡಕ್ಕೆ ಕೆಂಪು ದಾರ. ಎತ್ತರ, ಕವಲು, ಕಾಯಿ, ಕಾಳಿನ ತೂಕ ಅಳೆಯುವುದು ಆ ಗಿಡಗಳಲ್ಲೇ. ಸೋಮವಾರ ಕೊಯ್ಲಿಗೆ ಹೋದರೆ ದಾರದ ಗಿಡಗಳಲ್ಲಿ ಒಣಗಿದ ಕಾಯಿ ಒಂದೂ ಇರಲಿಲ್ಲ.

ಅವಳ ರೂಮ್‌ಮೇಟ್ ಶಿಲ್ಪಾ ಮರಳೂರಿನಿಂದ ಸರ್ವಮಂಗಳಮ್ಮನವರನ್ನು ಕರೆತಂದಳು. ಹಾಸ್ಟೆಲ್ ವಾರ್ಡನ್ ಆಗಿದ್ದಾಗ ಅವರು ಪತ್ತೆ ಹಚ್ಚದ ಕಳ್ಳತನವಿರಲಿಲ್ಲ.

"ಇವ್ನೇ ಮೇಡಂ," ಸುಮನಾ ಸಹಪಾಠಿ ಗುರುಪ್ರಕಾಶನತ್ತ ಕೈ ತೋರಿಸಿದಳು. "ದಾರದ ಲೆಕ್ಕ ಇವ್ನಿಗೆ ಮಾತ್ರ ಗೊತ್ತು. ಕಾಲೇಜಿಗೂ ಕಂಪ್ಲೇಂಟ್ ಬರ್ದು ಕೊಟ್ಟಿದೀನಿ."

"ದಾರ ಕಟ್ಟೋಕೆ ಬಂದೋನೂ ನಾನೇ ಕಣೇ," ಅವನೆಂದ. "ಇನ್ನೂ ಸೊಂಟ ಹಿಡ್ಕೊಂಡಿದೆ."

ಸರ್ವಮಂಗಳಮ್ಮ ಬಗ್ಗಿ ನೋಡಿದರು. ತೊಟ್ಟುಗಳನ್ನು ಯಾರೋ ಉಗುರಿನಿಂದ ಚಿವುಟಿದ್ದರು. ಎಳೆಕಾಯಿ ಹಾಗೇ ಇದ್ದವು. ಹೊಲ ಕಾಯುವ ತಿಪ್ಪಮ್ಮನ ಗುಡಿಸಲಿಗೆ ಬೀಗ. ಭಾನುವಾರವೇ ಗುಬ್ಬಿಗೆ, ಮಗಳ ಮನೆಗೆ ಹೋಗಿದ್ದಳು. ಬಾಗಿಲ ಬಳಿ ಜರಡಿ ಹಿಡಿದ ಬೂದಿ. ಮಾಡಿನ ಬಳ್ಳಿಯಲ್ಲಿ ಬಲಿತ ಒಂದೇ ಸೋರೆಕಾಯಿ, ತೊಟ್ಟಿಗೆ ಕೆಂಪು ದಾರ. ಸರ್ವಮಂಗಳಮ್ಮ ಗುಬ್ಬಿಗೆ ಫೋನ್ ಮಾಡಿಸಿ ಅವಳನ್ನು ಕರೆಸಿದರು.

ಮರುದಿನ ಎಲ್ಲರೂ ಗುಡಿಸಲ ಮುಂದೆ ಸೇರಿದರು.

"ಹಗೆ ಸಾಧಿಸೋನು ಗಿಡಾನೇ ಕೀಳ್ತಾನೆ," ಎಂದರು ಸರ್ವಮಂಗಳಮ್ಮ. "ಸಾರಿಗೆ ಕದಿಯೋರು ಎಳೇದು ಕಿತ್ಕೋತಾರೆ. ಇಲ್ಲಿ ಒಣಗಿದ್ದು ಮಾತ್ರ ಹೋಗಿದೆ. ಒಣಗಿದ್ದು ಬೇಕಾಗೋದು ಬೀಜಕ್ಕೆ, ಬೂದಿ ಬೇಕಾಗೋದು ಬೀಜಕ್ಕೆ ಹುಳ ಬೀಳ್ದಿರೋಕೆ. ಆ ಸೋರೆಕಾಯಿ ಯಾಕೆ ಕೊಯ್ದಿಲ್ಲ? ಇಲ್ಲಿ ದಾರ ಕಟ್ಟೋದು ಬೀಜಕ್ಕೆ ಬಿಟ್ಟಿದ್ದಕ್ಕೆ. ನೀವು ಅಳತೆಗೆ ಕಟ್ಟಿದ್ರಿ. ಈಯಮ್ಮನಿಗೆ ಹೇಳಿದ್ರಾ?"

ಸುಮನಾ ಇಲ್ಲವೆಂದು ತಲೆಯಾಡಿಸಿದಳು.

ತಿಪ್ಪಮ್ಮ ಒಳಗಿಂದ ಮಡಕೆ ತಂದಿಟ್ಟಳು. "ಮೋಡ ಆಗಿತ್ತಲ್ಲವ್ವಾ. ನೆಂದ್ರೆ ಬೀಜ ಕೆಟ್ಟೋಯ್ತದೆ ಅಂತ ಬುಡಿಸ್ದೆ. ಒಂದ್ ಕಾಳೂ ಚೆಲ್ಲಿಲ್ಲ."

"ಎಲ್ಲಾ ಒಂದ್ರಲ್ಲೇ ಹಾಕಿದೀಯಾ?" ಶಿಲ್ಪಾ ಕೇಳಿದಳು.

"ರಾಗಿ ಮಧ್ಯೆ ಅಕ್ಕಡಿ ಸಾಲಿಗೆ ಎಲ್ಲಾ ಕಲ್ಸೇ ಅಲ್ವೇನವ್ವಾ ಬಿತ್ತದು?"

ಸುಮನಾ ಮಡಕೆಗೆ ಕೈ ಹಾಕಿದಳು. ಕೆಂಪು, ಬಿಳಿ, ಕಪ್ಪು ಕಾಳು ಬೂದಿಯ ಜೊತೆ ಬೆರಳ ಸಂದಿಯಿಂದ ಜಾರಿದವು. ಯಾವುದು ಯಾವ ಗಿಡದ್ದೆಂದು ಇನ್ನು ಯಾರೂ ಹೇಳಲಾರರು.

ಗುರುಪ್ರಕಾಶ್ ಹೆಲ್ಮೆಟ್ ಹಾಕಿಕೊಂಡ.

"ಗುರು," ಎಂದಳು ಸುಮನಾ.

ಅವನು ಬೈಕ್ ಸ್ಟಾರ್ಟ್ ಮಾಡಿ ಹೊರಟುಹೋದ.

ಬಸ್ಸಿನಲ್ಲಿ ಶಿಲ್ಪಾ ಸುಮನಾ ಕಳೆದುಕೊಂಡದ್ದನ್ನು ಮನಸ್ಸಿನಲ್ಲೇ ಎಣಿಸಿದಳು. ಎಂಟು ತಳಿ, ಇಪ್ಪತ್ನಾಲ್ಕು ತಾಕು, ನೂರಿಪ್ಪತ್ತು ಗಿಡ, ಎರಡು ವರ್ಷ, ಒಬ್ಬ ಗೆಳೆಯ.